ತಂಗೋದು, ಕರಗೋದು, ತೇಲೋದು, ಮತ್ತೆ ನಮ್ಮತ್ತಿಗೆ

ತಡೀರಿ, ಒಂದು ಗಳಿಗೆ ತಡೀರಿ. ಕೈಯಾಗಿರೋ ಮಜ್ಜಿಗೆ ಕುಡೀಬೇಡ್ರಿ. ಹಂಗೇ ಕೆಳಗಿಟ್ಟು, ಅಲ್ಲಾಡಿಸದಂಗೆ ನೋಡ್ತಾ ಕೂತ್ಕಳ್ರಿ. ಮೊದ್ಲು ಏನೂ ಆಗಲ್ಲ ಅನ್ನಿಸ್ತೈತೆ, ಈ ಹುಡುಗನಿಗೆ ತಲೆ ಕೆಟ್ಟೈತೆ ಅಂತಲೂ ಅನ್ನಿಸ್ತೈತೆ. ಆಮೇಲೆ ನೋಡ್ರಿ, ಮ್ಯಾಲೆ ತಿಳಿನೀರು ನಿಂತು ಕೆಳಗೆ ಬೆಳ್ಳಗೆ ಗಟ್ಟಿ ಕೂತಿರ್ತೈತೆ. ಕಂಡ್ತಾ? ಈಗ ಬೇಕಾದ್ರೆ ಕಲಸ್ಕಂಡು ಕುಡೀರಿ. ನಾನು ಹೇಳೋಕೆ ಹೊರಟಿರೋದಕ್ಕೂ ಇಷ್ಟೇ ತಾಳ್ಮೆ ಸಾಕು.

ಕೊಟ್ಟಿದ್ದನ್ನ ಕುಡಿಯೋಕೆ ಮುಂಚೆ ಇಟ್ಟು ನೋಡೋ ಈ ಚಟದಿಂದ ನಂಗಾಗಿರೋ ಲುಕ್ಸಾನು ಸಣ್ಣದಲ್ಲ. ಹೋದ ವರ್ಷ ಚಳ್ಳಕೆರೆಗೆ ಹೆಣ್ಣು ನೋಡೋಕೆ ಹೋಗಿದ್ವಿ. ಹೆಣ್ಣಿನ ಕಡೆಯೋರು ಹಿತ್ತಾಳೆ ಲೋಟದಾಗೆ ಬೆಲ್ಲದ ಪಾನಕ ಕೊಟ್ರು. ನಾನು ಅದನ್ನ ಕೆಳಗಿಟ್ಟು ಬಗ್ಗಿ ನೋಡ್ತಾ ಕೂತೆ. ಬೆಲ್ಲ ಕರಗೈತೆ, ಅದು ಸರಿ. ಏಲಕ್ಕಿ ಪುಡಿ ಮಾತ್ರ ಅರ್ಧ ಮ್ಯಾಲೆ ಅರ್ಧ ಕೆಳಗೆ ಹೋಗ್ತಾ ಐತಲ್ಲ, ಯಾಕೆ? ಅಷ್ಟೊತ್ತಿಗೆ ಹೆಣ್ಣು ಬಂದು ಕೂತು, ಎದ್ದು ಒಳಗೆ ಹೋಗಿದ್ದೂ ಆಗಿತ್ತಂತೆ. ಅವರಪ್ಪ ಮೆಲ್ಲಗೆ ನಮ್ಮಣ್ಣನ ಕಿವಿಯಾಗೆ, "ಪಾನಕದಾಗೆ ನೊಣ ಏನಾದ್ರೂ ಬಿದ್ದೈತಾ ಸ್ವಾಮಿ?" ಅಂತ ಕೇಳಿದ್ರಂತೆ. ಆ ಸಂಬಂಧ ಕೂಡಿಬರಲಿಲ್ಲ. ಅದಕ್ಕೆ ಪಾನಕ ಒಂದೇ ಕಾರಣ ಅಂತ ನಾನೇನೂ ಹೇಳಲ್ಲ.

ನಮ್ಮೂರು ದೊಡ್ಡಉಳ್ಳಾರ್ತಿ. ಊರ ಆಚೆ ಹೆಜ್ಜೆ ಇಟ್ರೆ ಕಾವಲು, ಕಣ್ಣು ಸೋಲೋವರೆಗೂ ಹುಲ್ಲು. ಮನೇಲಿ ಒಂದಷ್ಟು ಹೊಲ, ಕುರಿ, ಹಿತ್ತಲ ಕಡೆ ಕಂಬಳಿ ನೇಯೋ ಮಗ್ಗ. ನನ್ನ ಓದು ಅಂದ್ರೆ ಐಗಳ ಮಠದಾಗೆ ಮರಳಿನ ಮ್ಯಾಲೆ ಅಕ್ಷರ ತಿದ್ದಿದ್ದು, ಅಷ್ಟೇ. ಮಿಕ್ಕಿದ್ದೆಲ್ಲ ನಾನೇ ತಡಕಾಡಿಕೊಂಡು ಕಲ್ತಿದ್ದು. ನಮ್ಮ ಪುಣ್ಯಕ್ಕೆ ಕುರಿಗಳು ಓದೋನ ಕಂಡ್ರೆ ಬೇಜಾರು ಮಾಡ್ಕಳಲ್ಲ.

ಪುಸ್ತಕ ಸಿಕ್ಕಿದ್ದು ಚಳ್ಳಕೆರೆ ಸಂತೇಲಿ, ಮೆಣಸಿನಕಾಯಿ ಮಾರೋ ಸಾಬರ ಹತ್ರ. ಹಾಳೆ ಹರಿದು ಹರಿದು ಪೊಟ್ಟಣ ಕಟ್ತಾ ಇದ್ರು. ನಾನು ಆಸೆಯಿಂದ ನೋಡಿದ್ದು ಕಂಡು, "ಕ್ಯಾ ಕರೇಗಾ ಬೇಟಾ, ಬರೀ ಅಕ್ಷರ, ಒಂದು ಚಿತ್ರನೂ ಇಲ್ಲ ಇದರಾಗೆ," ಅಂದು ಉಳಿದಿದ್ದನ್ನ ಕೈಗಿಟ್ರು. ಮೊದಲಿನ ಹಾಳೆಗಳು ಮೆಣಸಿನಕಾಯಿ ಜೊತೆ ಯಾರ್ಯಾರ ಮನೆಗೋ ಹೋಗಿದ್ವು, ಕೊನೇವೂ ಹೋಗಿದ್ವು. ನಡುವೆ ಉಳಿದಿದ್ದು ಬೆರಕೆ ಪದಾರ್ಥಗಳ ಪಾಠ. ಓದುವಾಗ ಕಣ್ಣಾಗೆ ನೀರು ಬರೋದು. ಪಾಠಕ್ಕಲ್ಲ, ಖಾರಕ್ಕೆ.

ಆ ಪಾಠದ ಸಾರ ಇಷ್ಟೇ. ಎರಡು ಪದಾರ್ಥ ಒಂದಾಗಿ ಸೇರಿದ್ರೂ, ಎರಡೂ ತಮ್ಮ ತಮ್ಮ ಗುಣ ಬಿಡದೆ ಇದ್ರೆ ಅದು ಬೆರಕೆ. ಉಪ್ಪು ನೀರಾಗೆ ಹೋದ್ರೂ ಉಪ್ಪು ಉಪ್ಪೇ, ನೀರು ನೀರೇ. ಬಿಸಿಲಿಗಿಟ್ರೆ ನೀರು ಹೋಗಿ ಉಪ್ಪು ತಟ್ಟೇಲಿ ಉಳೀತೈತೆ. ಇದನ್ನ ಓದಿದ ದಿನ ನಂಗೆ ಅಡುಗೆಮನೆ ಬೇರೆ ಥರಾ ಕಾಣಿಸ್ತು. ಅಲ್ಲಿರೋದೆಲ್ಲ ಬೆರಕೇನೇ ಅಲ್ವಾ? ಕೂತು ಪಾಲು ಮಾಡಿದೆ. ಕೆಸರುನೀರು, ಸುಣ್ಣದ ನೀರು ತಳಕ್ಕೆ ಕೂತು ತಂಗೋ ಗುಂಪು. ಉಪ್ಪುನೀರು, ಬೆಲ್ಲದ ನೀರು ಕರಗೋ ಗುಂಪು. ಎಣ್ಣೆ ನೀರು ತೇಲೋ ಗುಂಪು. ಹುರುಳಿಯಾಗಿನ ಕಲ್ಲು, ಅಕ್ಕಿಯಾಗಿನ ನುಚ್ಚು ಆರಿಸೋ ಗುಂಪು. ಇಟ್ಟು ನೋಡೋದು, ಗುಂಪಿಗೆ ಹಾಕೋದು. ಲೋಕದಾಗಿರೋ ಎಲ್ಲದಕ್ಕೂ ಜಾಗ ಸಿಕ್ತು ಅಂತ ನಾನು ಎದೆ ಉಬ್ಬಿಸ್ಕಂಡು ಓಡಾಡಿದೆ.

ಒಬ್ಬನೇ ಎಷ್ಟು ದಿನ ಎದೆ ಉಬ್ಬಿಸ್ಕಂಡಿರೋಕಾಗ್ತೈತೆ? ನೋಡೋರು ಬೇಕಲ್ಲ. ಸಂಜೆ ಕುರಿ ಹಟ್ಟಿ ಸೇರಿದ ಮ್ಯಾಲೆ ಮನೆ ಹುಡುಗರನ್ನ, ಅಕ್ಕಪಕ್ಕದ ಹುಡುಗರನ್ನ ಜಗಲಿ ಮ್ಯಾಲೆ ಕೂರಿಸ್ಕಂಡು ಪಾಠ ಶುರು ಮಾಡಿದೆ. ನಮ್ಮ ದೊಡ್ಡಣ್ಣನ ಮಗಳು ಬೋರಿ ನನ್ನ ಮುಖ್ಯ ಶಿಷ್ಯೆ. ಹಲ್ಲು ಬಿದ್ದು ಬಾಯಾಗೆ ಕಿಟಕಿ ಇದ್ದ ವಯಸ್ಸು, ಆದ್ರೂ ಕೇಳೋ ಪ್ರಶ್ನೆಗೆ ನಾನು ಬೆವರಬೇಕು. ಅವಳ ತಮ್ಮ ಪಾಲ ಬೆಲ್ಲದ ನೀರಿನ ದಿನ ಮಾತ್ರ ಮುಂದಿನ ಸಾಲು. ಪಾಠಕ್ಕೆ ಬೇಕಾದ ಸಾಮಾನು ಅಡುಗೆಮನೆಯಿಂದ ತರ್ತಿದ್ದೆ. ಅವ್ವ ಅಲ್ಲಿಂದಲೇ ಕೂಗೋಳು.

"ಲೇ ಓಬ, ಎಣ್ಣೆನ ನೀರಿಗೆ ಸುರೀತೀಯಲ್ಲೋ, ನಿಮ್ಮಪ್ಪ ಏನು ಗಾಣ ಇಟ್ಟೌನಾ?"

"ಮತ್ತೆ ಬಸಕೊಡ್ತೀನಿ ಬಿಡವ್ವ, ತೇಲೋ ಗುಂಪು ಅದು."

"ನೀನೊಬ್ಬ ತೇಲೋ ಗುಂಪು."

ಬೈದ್ರೂ ಪರವಾಗಿಲ್ಲ. ಆ ಜಗಲಿ ನಂದು, ಆ ಹುಡುಗ್ರು ನಮ್ಮೋರು, ಆ ಹೊತ್ತು ನಾನು ಏನು ಹೇಳಿದ್ರೂ ಕಣ್ಣರಳಿಸ್ಕಂಡು ಕೇಳೋರು. ಹೊಲದಾಗೆ ಅಣ್ಣಂದಿರ ಮುಂದೆ ನಾನು ಯಾರೂ ಅಲ್ಲ. ಮಗ್ಗದ ಹತ್ರ ಕೂತ್ರೆ ಎಳೆ ಹರೀತೀನಿ. ಜಗಲಿ ಮ್ಯಾಲೆ ಮಾತ್ರ ನಾನು ನಾನು.

ಅಂಥಾ ಹೊತ್ತಿನಾಗೆ ನಮ್ಮ ನಡುವಣ್ಣನ ಮದುವೆ ಆಯ್ತು. ತಿಪ್ಪಕ್ಕತ್ತಿಗೆ ಮನೆಗೆ ಬಂದ್ರು.

ಅವರದು ಮೊಳಕಾಲ್ಮೂರು ಕಡೆಯ ಸಿದ್ದಾಪುರ. ತೆಲುಗು ಕನ್ನಡ ಎರಡೂ ಒಂದೇ ಉಸಿರಿನಾಗೆ ಬರೋದು. ಮೈದುನ ಅನ್ನಲ್ಲ, ತೆಲುಗಿನಾಗೆ ಮರಿದಿ ಅಂತ ಕರೆಯೋರು. ವಾರ ಕಳೆಯೋದ್ರೊಳಗೆ ಮನೆ ಮಕ್ಕಳು ಬಿಟ್ಟು ಊರ ಹುಡುಗ್ರೆಲ್ಲ ನನ್ನ ಮರಿದಿ ಅಂತಲೇ ಕರೆಯೋಕೆ ಶುರು ಮಾಡಿದ್ವು. ಒಂದಿನ ನಾನು ಸ್ವಲ್ಪ ಜಂಬದಿಂದ, "ನಿಮಗೆ ಓದು ಬರ್ತೈತೇನ್ರಿ ಅತ್ತಿಗೆ?" ಅಂದೆ.

"ನಂಗೆ ಬರಲ್ಲಪ್ಪ. ನಮ್ಮೂರಿನ ಬಂಡೆಗೆ ಬರ್ತೈತೆ."

ನಿಜ, ಬ್ರಹ್ಮಗಿರಿ ಹತ್ರ ಬಂಡೆ ಮ್ಯಾಲೆ ಯಾವುದೋ ಕಾಲದ ರಾಜ ಬರೆಸಿದ ಅಕ್ಷರ ಐತೆ, ದೊರೆಗಳು ಬಂದು ನೋಡ್ಕಂಡು ಹೋಗ್ತಾರೆ. ಅದರ ಮುಂದೆ ನನ್ನ ಮೆಣಸಿನಕಾಯಿ ಪುಸ್ತಕ ಯಾವ ಲೆಕ್ಕ. ಹೊಟ್ಟೆಯೊಳಗೆ ಮೊದಲ ಕಿಡಿ ಬಿದ್ದಿದ್ದು ಅವತ್ತೇ ಇರಬೇಕು.

ಬೆಂಕಿ ಹತ್ತಿದ್ದು ಉಪ್ಪುನೀರಿನ ದಿನ. ನಾನು ಜಗಲಿ ಮ್ಯಾಲೆ ಚೊಂಬು ಇಟ್ಕಂಡು, "ಉಪ್ಪುನೀರು ಯಾವ ಗುಂಪು?" ಅಂತ ಕೇಳ್ದೆ. ಹುಡುಗ್ರು ಒಟ್ಟಿಗೆ, "ಕರಗೋ ಗುಂಪು," ಅಂದ್ವು. ಪಾಲ ಆಕಳಿಸ್ದ. ಅತ್ತಿಗೆ ಬಾಗಿಲ ಹತ್ರ ರಾಗಿ ಕೇರ್ತಾ ಕೂತಿದ್ರು. ಮೊರದಿಂದ ಕಣ್ಣೆತ್ತದೆ ಅಂದ್ರು:

"ಉಪ್ಪು ಅಂದ್ರೆ ಹೊಸ ಸೊಸೆ ಕಣ್ರೋ. ಮನೆಗೆ ಬಂದ್ಮೇಲೆ ಪಡಸಾಲೇಲಿ ಹುಡುಕಿದ್ರೆ ಕಾಣಲ್ಲ, ಅಂಗಳದಾಗೆ ಹುಡುಕಿದ್ರೆ ಕಾಣಲ್ಲ. ತುತ್ತು ಬಾಯಿಗಿಟ್ಟಾಗ ಗೊತ್ತಾಗ್ತೈತೆ, ಓಹೋ, ಇವಳು ಬಂದೌಳೆ ಅಂತ."

ಹುಡುಗ್ರು ಗೊಳ್ಳಂತ ನಕ್ಕವು. ಬೋರಿ ಎದ್ದು ಅತ್ತಿಗೆ ಕಡೆ ತಿರುಗಿ ಕೂತ್ಳು.

"ಕೆಸರುನೀರು, ಚಿಗವ್ವ?"

"ಅದು ನೆಂಟ. ಬಂದ ಗಳಿಗೇಲಿ ಮನೆಯೆಲ್ಲ ಎಬ್ಬಿಸಿ ಗದ್ದಲ ಮಾಡ್ತಾನೆ. ಊಟ ಆದ್ಮೇಲೆ ತೆಪ್ಪಗೆ ತಳ ಹಿಡಿದು ಕೂರ್ತಾನೆ, ಎಬ್ಬಿಸೋವರೆಗೂ ಏಳಲ್ಲ."

"ಎಣ್ಣೆ ನೀರು?"

"ವಾರಗಿತ್ತೇರು. ಒಂದೇ ಸೂರು, ಎರಡು ಒಲೆ. ಎಷ್ಟು ಕಲಸು, ಕೈ ಬಿಟ್ಟ ಕೂಡ್ಲೇ ಅವಳ ದಾರಿ ಅವಳಿಗೆ, ಇವಳ ದಾರಿ ಇವಳಿಗೆ."

ಒಳಗೆ ರೊಟ್ಟಿ ತಟ್ಟೋ ಸದ್ದು ನಿಂತೋಯ್ತು. ಬೋರಿಯ ಅವ್ವ, ಅಂದ್ರೆ ನಮ್ಮ ದೊಡ್ಡತ್ತಿಗೆ, ಅಲ್ಲಿಂದಲೇ ಕೇಳಿದ್ರು: "ಯಾರೇ ತಿಪ್ಪಿ ಮ್ಯಾಲೆ ತೇಲೋಳು, ನೀನಾ ನಾನಾ?"

"ನೀನೇ ಕಣಕ್ಕ. ನಾನು ಕೆಳಗೆ ಉಳಿಯೋ ನೀರು."

ಒಳಗಿಂದಲೂ ನಗು ಬಂತು. ಇಡೀ ಮನೆ ನಗ್ತಾ ಐತೆ, ನಾನೊಬ್ಬ ಚೊಂಬು ಹಿಡ್ಕಂಡು ಕೂತಿದೀನಿ. ಆ ಚೊಂಬಿನಾಗಿದ್ದ ಉಪ್ಪುನೀರು ನನ್ನ ಹೊಟ್ಟೆಗೇ ಹೋಗಿದ್ರೂ ಅಷ್ಟು ಸಂಕಟ ಆಗ್ತಿರಲಿಲ್ಲ.

ಮಾರನೇ ಸಂಜೆ ಜಗಲಿ ಮ್ಯಾಲೆ ಬಂದೋರು ಕಡಿಮೆ. ಅದರ ಮಾರನೇ ದಿನ ಇನ್ನೂ ಕಡಿಮೆ. ಆಮೇಲೆ ನಮ್ಮನೆ ನಾಯಿ ಒಂದೇ ಬರ್ತಿತ್ತು, ಅದೂ ಬಾಗಿಲ ಕಡೆ ಕಿವಿ ನಿಗುರಿಸ್ಕಂಡು. ಎಲ್ಲ ಅತ್ತಿಗೆ ಬೀಸೋ ಕಲ್ಲಿನ ಸುತ್ತ. ನಾನು ಬೆಲ್ಲದ ನೀರು ಮಾಡಿ ಕರೆದೆ. ಬಂದ್ವು, ಕುಡಿದ್ವು, "ಕರಗೋ ಗುಂಪು ಮರಿದಿ," ಅಂದು ಬಾಯಿ ಒರೆಸ್ಕಂಡು ವಾಪಸ್ ಓಡಿದ್ವು. ಜಗಲಿ ಗೋಡೆಗೆ ಒಂದು ಬಿರುಕಿತ್ತು, ಅಲ್ಲಿ ಕಣ್ಣಿಟ್ಟು ನೋಡ್ತಿದ್ದೆ. ಬೋರಿ ಅತ್ತಿಗೆ ತೊಡೆ ಮ್ಯಾಲೆ ಕೈಯೂರಿ, ನನ್ನ ಮುಂದೆ ಎಂದೂ ತೆರೆಯದಷ್ಟು ಬಾಯಿ ತೆರ್ಕಂಡು ಕೇಳ್ತಿದ್ಳು. ಅದನ್ನ ನೋಡಿದಾಗೆಲ್ಲ ಎದೇಲಿ ಯಾರೋ ಹಸಿ ಮೆಣಸಿನಕಾಯಿ ಅರೆದಂಗಾಗೋದು.

ಅವ್ವನ ಹತ್ರ ದೂರು ಒಯ್ದೆ. "ಅವ್ವ, ಅತ್ತಿಗೆ ಹೇಳೋದು ಯಾವುದೂ ಪುಸ್ತಕದಾಗಿಲ್ಲ."

"ಪುಸ್ತಕದಾಗೆ ಏನೈತೆ?"

"ತಂಗೋದು, ಕರಗೋದು, ತೇಲೋದು."

"ಅವಳೂ ಅದನ್ನೇ ಹೇಳೋದಲ್ವೇನೋ. ಹುಡುಗ್ರು ಅವಳ ಹತ್ರ ಕೂತ್ರೆ ನಂಗೆ ಎಣ್ಣೆ ಉಳೀತೈತೆ, ಹೋಗು."

ಇದೇ ನಂಗೆ ಉರಿಯೋದು. ಅತ್ತಿಗೆ ನನ್ನ ಗುಂಪುಗಳನ್ನೇ ಹೇಳ್ತಿದ್ರು. ನಾನು ಹೇಳಿದ್ರೆ ಆಕಳಿಕೆ, ಅವರು ಹೇಳಿದ್ರೆ ನಗು. ಇನ್ನೊಂದು ಉರಿ ಏನಂದ್ರೆ, ನನ್ನ ಜೊತೆ ಪೈಪೋಟಿ ಐತೆ ಅನ್ನೋದೇ ಅವರಿಗೆ ಗೊತ್ತಿರಲಿಲ್ಲ. ನಾನು ಮುಖ ಊದಿಸ್ಕಂಡು ಹೋದ್ರೆ, "ಹಲ್ಲುನೋವಾ ಮರಿದಿ? ಲವಂಗ ಕೊಡ್ಲಾ?" ಅನ್ನೋರು. ಹೊಟ್ಟೆಕಿಚ್ಚು ಪಡೋನಿಗೆ ಲವಂಗ ಕೊಡೋರ ಮ್ಯಾಲೆ ಹೆಂಗೆ ಕಾದಾಡೋದು, ನೀವೇ ಹೇಳ್ರಿ.

ಆದ್ರೂ ಕಾದಾಡೋಕೆ ದಾರಿ ಸಿಕ್ತು. ಕಂಬಳಿಗೆ ಗಂಜಿ ಹಚ್ಚೋ ದಿನ ಬಂತು.

ಗೊತ್ತಿಲ್ಲದೋರಿಗೆ ಹೇಳ್ತೀನಿ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ಅರೆದು, ಗುಡಾಣದಾಗೆ ಕುದಿಸಿ ಗಂಜಿ ಮಾಡ್ತಾರೆ. ಕಂಬಳಿಯ ಹಾಸು, ಅಂದ್ರೆ ಉದ್ದದ ನೂಲನ್ನ, ಬೀದಿ ಉದ್ದಕ್ಕೂ ಬಿಗಿದು, ಬಿಸಿ ಬಿಸಿ ಗಂಜಿನ ಕುಂಚದಾಗೆ ಬಳೀತಾರೆ. ಅದು ಒಣಗಿದ್ರೆ ಉಣ್ಣೆಯ ಎಳೆ ಗಟ್ಟಿಯಾಗಿ ಮಗ್ಗಕ್ಕೆ ತಡೀತೈತೆ. ಒಂದು ಮನೆಯೋರಿಂದ ಆಗೋ ಕೆಲಸ ಅಲ್ಲ. ಅಕ್ಕಪಕ್ಕದೋರು ಬರ್ತಾರೆ, ಅವರ ಮನೆ ಗಂಜಿಗೆ ನಾವು ಹೋಗ್ತೀವಿ. ಅತ್ತಿಗೆಯ ತವರಾಗೆ ಹೊಲ ಐತೆ, ಮಗ್ಗ ಇಲ್ಲ. ಹುಣಸೆಬೀಜದ ಗಂಜಿ ಅವರಿಗೆ ಹೊಸದು.

ನಂಗೆ ಇದಕ್ಕಿಂತ ಒಳ್ಳೆ ಗಳಿಗೆ ಯಾವುದು? ಗುಡಾಣ ಒಲೆಯಿಂದ ಇಳಿದ ಕೂಡ್ಲೇ, ಹುಡುಗ್ರೆಲ್ಲ ಇರುವಾಗ್ಲೇ ಕೇಳ್ದೆ: "ಅತ್ತಿಗೆ, ಹೇಳ್ರಿ ನೋಡಾಣ. ಇದು ಯಾವ ನೆಂಟಸ್ತನ?"

ಅತ್ತಿಗೆ ಬಗ್ಗಿ ನೋಡಿದ್ರು. ಕೋಲಿಗೆ ಅಂಟಿದ್ದನ್ನ ಬೆರಳಾಗೆ ಉಜ್ಜಿ ನೋಡಿದ್ರು. "ತಿಳೀದಪ್ಪ. ನೀನೇ ಹೇಳು."

"ತಂಗೋ ಗುಂಪು," ಅಂದೆ. "ಬೀಜದ ಹಿಟ್ಟು ತಾನೇ ಇದು? ಹಿಟ್ಟು ಕಲಸಿದ ನೀರು ತಂಗೇ ತಂಗ್ತೈತೆ."

"ಇದು ತಂಗಲ್ಲ ಅನ್ನಿಸ್ತೈತೆ ಮರಿದಿ."

"ಇಟ್ಟು ನೋಡಾಣ. ತಂಗಿದ್ರೆ ಹುಡುಗ್ರು ನನ್ನ ಜಗಲಿಗೆ ವಾಪಸ್. ತಂಗದಿದ್ರೆ ಜಗಲಿ ನಿಮ್ಮದು, ನಾನು ಕುರಿ ಹಿಂದೆ ಹೋಗ್ತೀನಿ."

ಆಗ ಅತ್ತಿಗೆ ನನ್ನ ಮುಖ ಸರಿಯಾಗಿ ನೋಡಿದ್ರು. ಹಲ್ಲುನೋವಲ್ಲ ಅಂತ ಅವರಿಗೆ ಆಗ ಗೊತ್ತಾಗಿರಬೇಕು. ಕುಂಚ ಎತ್ಕಂಡು ಬೀದಿ ಕಡೆ ಹೋದ್ರು.

ನಾನು ಗುಡಾಣದ ಮ್ಯಾಲೆ ಮೊರ ಮುಚ್ಚಿ, ಯಾರೂ ಅಲ್ಲಾಡಿಸಬಾರದು ಅಂತ ಪಕ್ಕದಾಗೆ ಕಾವಲು ಕೂತೆ. ಬೀದೀಲಿ ಹಾಸು ಬಿಗಿದಿದ್ರು. ಅವ್ವ ಕೂಗಿದ್ಳು, "ಗಂಜಿ ತಾರೋ." "ತಂದೆ," ಅಂದೆ. ನಡುವಣ್ಣ ಕೂಗ್ದ, "ಲೇ, ಗಂಜಿ." "ಬಂದೆ ತಡೀರಿ," ಅಂದೆ. ಬೋರಿ ಮೊರ ಎತ್ತಿ ನೋಡೋಕೆ ಬಂದ್ರೆ ಕೈ ಮ್ಯಾಲೆ ಹೊಡೆದೆ. ತಿಳಿನೀರು ಮ್ಯಾಲೆ ಬರೋವರೆಗೂ ಬಿಡಬಾರದು. ಅದು ಬಂದ ಗಳಿಗೆ ಹುಡುಗ್ರು ಹೆಂಗೆ ನನ್ನ ಹಿಂದೆ ಬರ್ತಾರೆ, ಅತ್ತಿಗೆ ಮುಖ ಹೆಂಗಾಗ್ತೈತೆ ಅಂತ ಎಣಿಸ್ಕಂಡು ಒಳಗೊಳಗೇ ಖುಷಿ ಪಡ್ತಾ ಕೂತಿದ್ದೆ. ಬಿಸಿಲು ಏರ್ತು.

ಒಂದು ಮಾತು ಹೇಳ್ಬೇಕು. ಗಂಜಿ ಕಾಣದ ಮನೆಯೋನಲ್ಲ ನಾನು. ಆದ್ರೆ ನಮ್ಮ ವಂಶದಾಗೆ ಯಾರೂ ಗಂಜಿನ ಇಟ್ಟು ನೋಡಿದ್ದೇ ಇಲ್ಲ. ಕುದ್ದ ಕೂಡ್ಲೇ ಬೀದಿಗೆ ಹೋಗ್ತೈತೆ, ನೂಲಿಗೆ ಹತ್ತುತೈತೆ, ಮುಗೀತು. ಸುಮ್ನೆ ಬಿಟ್ರೆ ಅದು ಏನಾಗ್ತೈತೆ ಅಂತ ಕಾದು ಕೂತು ನೋಡಿದ ಮೊದಲನೇ ಮನುಷ್ಯ ನಾನೇ.

ಮೊರ ಎತ್ತಿದೆ. ತಿಳಿನೀರು ಎಲ್ಲೂ ಇಲ್ಲ. ಮ್ಯಾಲೊಂದು ಪೊರೆ, ಅದರ ಕೆಳಗೆ ಗುಡಾಣಕ್ಕೆ ಗುಡಾಣವೇ ಗಡ್ಡೆ ಕಟ್ಟೈತೆ. ಬೋರಿ ಕಲಸೋ ಕೋಲು ತಂದು ಅದಕ್ಕೆ ಚುಚ್ಚಿ ಕೈ ಬಿಟ್ಳು.

"ಚಿಗಪ್ಪ, ಕೋಲು ನಿಂತ್ಕಂತು."

ಅಷ್ಟೊತ್ತಿಗೆ ಅವ್ವ ಬಂದ್ಳು. ಹಿಂದೆ ಕುಂಚ ಹಿಡ್ಕಂಡ ಅಕ್ಕಪಕ್ಕದೋರು ಬಂದು ಗುಡಾಣ ನೋಡಿ ಒಬ್ಬರ ಮುಖ ಒಬ್ಬರು ನೋಡ್ಕಂಡ್ರು. ಪಕ್ಕದ ಮನೆ ಅಜ್ಜ, "ಏನಪ್ಪಾ ಓಬಣ್ಣ, ಕಂಬಳಿಗೆ ಹಚ್ಚೋಕಾ, ಗೋಡೆ ಕಟ್ಟೋಕಾ?" ಅಂದ್ರು. ಅವ್ವ ಅಂದಿದ್ದನ್ನ ಇಲ್ಲಿ ಬರೆಯೋಕಾಗಲ್ಲ. ಬೀದೀಲಿ ಹಾಸು ಗಂಜಿ ಇಲ್ಲದೆ ಬಿಸಿಲಾಗೆ ಕಾಯ್ತಾ ಐತೆ, ಬಂದೋರು ಅವರವರ ಹೊಲಕ್ಕೆ ಹೋಗೋ ಹೊತ್ತಾಗೈತೆ. ಅವರು ಹೋದ್ರೆ ಮತ್ತೆ ಕೈ ಕೂಡಿಸೋದು ಯಾವಾಗ್ಲೋ.

ಅತ್ತಿಗೆ ನನ್ನ ಕಡೆ ನೋಡ್ಲೇ ಇಲ್ಲ. ಹಂಡೆಯಿಂದ ಬಿಸಿನೀರು ತಂದು ಗುಡಾಣಕ್ಕೆ ಸುರಿದು, "ಬರ್ರೋ ಎಲ್ಲಾರೂ, ಕೈ ಹಾಕ್ರಿ," ಅಂದ್ರು. ಹುಡುಗ್ರು ಮೊಣಕೈವರೆಗೂ ಇಳಿಸಿ ಗಡ್ಡೆ ಹಿಸುಕಿದ್ವು. ನಾನೂ ಇಳಿಸಿದೆ. ಅತ್ತಿಗೆ ಹಳೇ ಸೀರೆ ತುಂಡು ತಂದು ಸೋಸಿದ್ರು. ಗಂಜಿ ಅಷ್ಟು ನಯ ಬರಲಿಲ್ಲ, ಆದ್ರೆ ಹಚ್ಚೋಕೆ ಬಂತು. ಆ ಕಂಬಳಿ ಇವತ್ತಿಗೂ ನಮ್ಮನೇಲೈತೆ. ಮುಟ್ಟಿದ್ರೆ ಅಲ್ಲಲ್ಲಿ ಗಂಟು ಗಂಟು, ಯಾರೂ ಹೊದ್ಕಳಲ್ಲ, ನಂಗೇ ಕೊಟ್ಟೌರೆ.

ಕೈ ತೊಳೀವಾಗ ಬೋರಿ ಕೇಳಿದ್ಳು: "ಚಿಗಪ್ಪ, ತಂಗಲಿಲ್ಲಲ್ಲ. ಹಂಗಾದ್ರೆ ಯಾವ ಗುಂಪು?"

ಕರಗಿಲ್ಲ, ತೇಲಿಲ್ಲ, ತಂಗಿಲ್ಲ. ಇದರ ಉತ್ತರ ಪುಸ್ತಕದ ಕೊನೇಲಿತ್ತೋ ಏನೋ, ಆ ಹಾಳೆಗಳು ಮೆಣಸಿನಕಾಯಿ ಜೊತೆ ಹೋಗಿದ್ವು. "ತಿಳೀದು," ಅಂದೆ.

"ಚಿಗವ್ವ, ಯಾವ ನೆಂಟಸ್ತನ?"

"ನಂಗೂ ತಿಳೀದು ಕಣೆ. ಇಂಥಾ ನೆಂಟರು ನಮ್ಮ ಕಡೆ ಇಲ್ಲ."

ಬೋರಿ ಇಬ್ಬರನ್ನೂ ಒಂದ್ಸಲ ನೋಡಿದ್ಳು. ದೊಡ್ಡೋರು ಸಣ್ಣೋರನ್ನ ನೋಡಿದಂಗೆ ಇತ್ತು ಆ ನೋಟ. ಕೈ ಒರೆಸ್ಕಂಡು ಹೊರಟೋದ್ಳು.

ಅವತ್ತು ಸಂಜೆ ನಾನು ಜಗಲಿ ಕಡೆ ಹೋಗಲಿಲ್ಲ, ಮಾತು ಕೊಟ್ಟಿದ್ನಲ್ಲ. ಒಳಗೆ ಕೂತಿದ್ದೆ. ಹೊರಗೆ ಹುಡುಗ್ರ ಸದ್ದು ಕೇಳಿಸ್ತು. ಅತ್ತಿಗೆ ಗೆದ್ದು ಜಗಲಿ ಹಿಡಿದ್ರು ಅಂದ್ಕಂಡು, ನೋವಾದ್ರೂ ನೋಡೋ ಆಸೆ ತಡೀಲಾರದೆ ಬಿರುಕಿನ ಹತ್ರ ಹೋದ್ರೆ, ಅಲ್ಲಿ ಆಗ್ಲೇ ಅತ್ತಿಗೆ ಕಣ್ಣಿಟ್ಟು ನಿಂತೌರೆ.

ಜಗಲಿ ಮ್ಯಾಲೆ ಬೋರಿ. ನಾನು ಕೂರೋ ಜಾಗದಾಗೆ, ನಾನು ಕೂತಂಗೇ ಕಾಲು ಮಡಚಿ ಕೂತೌಳೆ. ಮುಂದೆ ಎಲ್ಲಾ ಹುಡುಗ್ರು. ಆಕಳಿಸೋ ಪಾಲನೂ ಮುಂದಿನ ಸಾಲಿನಾಗೆ, ಬೆಲ್ಲದ ನೀರಿಲ್ಲದೆ.

"ಇದು ಮೊಂಡು ಗುಂಪು," ಅಂತ ಹೇಳ್ತಾ ಇದ್ಳು ಬೋರಿ. "ಕೆಳಗೆ ಕೂರು ಅಂದ್ರೆ ಕೂರಲ್ಲ, ಮ್ಯಾಲೆ ಬಾ ಅಂದ್ರೆ ಬರಲ್ಲ, ಕರಗು ಅಂದ್ರೆ ಕರಗಲ್ಲ. ನಡುವೇನೇ ನಿಂತ್ಕಂತೈತೆ. ಗಂಜಿ ಮೊಂಡು. ಹಾಲು ಮೊಂಡು."

"ಹಾಲು ಕೆನೆ ಕಟ್ತೈತಲ್ಲ," ಅಂದ ಪಾಲ.

"ಕೆನೆ ಕಟ್ಟಿದ್ಮೇಲೆ ತೇಲೋದು. ಕಟ್ಟೋ ಮುಂಚೆ ಮೊಂಡು."

"ಚಿಗಪ್ಪ?"

"ಮೊಂಡು."

"ಚಿಗವ್ವ?"

ಬೋರಿ ಸ್ವಲ್ಪ ಯೋಚನೆ ಮಾಡಿದ್ಳು. "ಮೊಂಡು. ಆದ್ರೆ ಬಿಸಿನೀರು ಹಾಕಿದ್ರೆ ಸರಿ ಹೋಗ್ತಾಳೆ."

ಆಮೇಲೆ ಎಷ್ಟೋ ದಿನಕ್ಕೆ ಚಳ್ಳಕೆರೇಲಿ ಒಬ್ಬ ಮೇಷ್ಟ್ರನ್ನ ಹಿಡಿದು ಕೇಳ್ದೆ. ದೊಡ್ಡ ದೊಡ್ಡ ಪುಸ್ತಕದಾಗೂ ಇಂಥವಕ್ಕೆ ಬೇರೇನೇ ಗುಂಪು ಮಾಡೌರಂತೆ, ಹಾಲು ಗಂಜಿ ಎಲ್ಲ ಅದರಾಗೇ ಬರ್ತಾವಂತೆ. ಹೆಸರು ಏನೋ ಉದ್ದ ಹೇಳಿದ್ರು, ನಾಲಿಗೆ ಹೊರಳಲಿಲ್ಲ. ಹಲ್ಲು ಬಿದ್ದ ಹುಡುಗಿ ಒಂದು ಸಂಜೇಲಿ ಮಾಡಿದ್ದನ್ನ ಕೇಳೋಕೆ ನಾನು ಚಳ್ಳಕೆರೆವರೆಗೂ ನಡೀಬೇಕಾಯ್ತು. ವಾಪಸ್ ಬರೋ ದಾರಿ ಪೂರಾ ಹೊಟ್ಟೆ ಉರೀತು.

ಆದ್ರೆ ಅದು ಆಮೇಲಿನ ಮಾತು. ಅವತ್ತು ಬಿರುಕಿನ ಹತ್ರ ನಿಂತಿದ್ದ ಅತ್ತಿಗೆ ನಗ್ತಿರಲಿಲ್ಲ. ತುಟಿ ಕಚ್ಕಂಡು ನೋಡ್ತಾ ಇದ್ರು. ಆ ಮುಖ ನಂಗೆ ಚೆನ್ನಾಗಿ ಗೊತ್ತು. ಎಷ್ಟೋ ದಿನದಿಂದ ನಾನೇ ಆ ಮುಖ ಹೊತ್ಕಂಡು ತಿರುಗ್ತಿದ್ದೆ.

"ಮರಿದಿ," ಅಂದ್ರು ಮೆಲ್ಲಗೆ, "ನನ್ನ ಹತ್ರ ಒಂದಿನಾನೂ ಇಷ್ಟು ಸುಮ್ನೆ ಕೂತಿರಲಿಲ್ಲ ಕಣೋ ಇವು. ಹೊಟ್ಟೆಯೊಳಗೆ ಏನೋ ಉರೀತೈತೆ."

ಅತ್ತಿಗೆ ಮನೆಗೆ ಬಂದ ದಿನದಿಂದ ನಂಗೆ ಅಷ್ಟು ತಣ್ಣಗೆ ಅನ್ನಿಸಿದ್ದು ಅದೇ ಮೊದಲು.

"ಲವಂಗ ಕೊಡ್ಲೇನ್ರಿ?" ಅಂದೆ. ಅವರು ನನ್ನ ತೋಳಿಗೆ ಒಂದು ಗುದ್ದಿದ್ರು. "ಸರೀರಿ ಅತ್ತಿಗೆ, ನಂಗೂ ಕಾಣಲಿ," ಅಂದೆ. ಸರಿದ್ರು. ಒಂದೇ ಬಿರುಕಿನಾಗೆ ಒಂದು ಕಣ್ಣು ಅವರದು, ಒಂದು ಕಣ್ಣು ನಂದು, ಒಳಗೆ ಅವ್ವ ಊಟಕ್ಕೆ ಕೂಗೋವರೆಗೂ ನಿಂತಿದ್ವಿ.

ಈಗ ನಿಮ್ಮ ಪಾಳಿ. ನಿಮ್ಮ ಅಡುಗೆಮನೇಲೋ, ಹಟ್ಟೀಲೋ, ಮಗ್ಗದ ಹತ್ರವೋ ಇಟ್ಟು ನೋಡಿದ್ರೂ ಯಾವ ಗುಂಪಿಗೂ ಸೇರದೆ ಕೂತಿರೋ ಬೆರಕೆ ಏನಾದ್ರೂ ಇದ್ರೆ ಬರೆದು ಕಳಿಸ್ರಿ. ಅದಕ್ಕೆ ಜಾಗ ಹುಡುಕಿಕೊಟ್ಟೋರು ಯಾರು ಅನ್ನೋದನ್ನೂ ಬರೀರಿ. ಮಕ್ಕಳಾಗಿದ್ರೆ ಹೆಸರು ಹಾಕ್ರಿ, ವಯಸ್ಸು ಮಾತ್ರ ಹಾಕಬೇಡ್ರಿ. ನಂಗೆ ತಡ್ಕಳೋಕಾಗಲ್ಲ.